ಮಳೆ ಪುಸ್ತಕದ ಅಂಚಿನಲ್ಲಿ

ಮಾನ್ಯ ಸಂಪಾದಕರೇ,

ಕೊಡಗಿನ ಎಷ್ಟೋ ಕಾಫಿ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕವಿದೆ. ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಭಾಗ) ಬರೆದಿಡುವುದು ಅಜ್ಜಂದಿರ ಕಾಲದ ರೂಢಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಮೇಲೆ ನಮ್ಮ ಅತ್ತೆ ಆ ಪುಸ್ತಕದ ಅಂಚಿನಲ್ಲಿ ಬೇರೆ ಸಂಗತಿಗಳನ್ನೂ ಬರೆಯತೊಡಗಿದರು: ಯಾರ ದನ ಹಟ್ಟಿಗೆ ಮರಳಿತು, ಪರಿಹಾರ ಕೇಂದ್ರದಲ್ಲಿ ಯಾವ ಮಗು ಹಾಡು ಹೇಳಿತು, ರಾತ್ರಿ ನಿದ್ದೆ ಬಂತೋ ಇಲ್ಲವೋ. ಕಾಗುಣಿತದ ತಪ್ಪು ಬೇಕಾದಷ್ಟಿದೆ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ಮನೆಮಂದಿಯೆಲ್ಲ ಹೆದರಿ ಕೂತಿದ್ದೆವು. ಅತ್ತೆ ಹಳೆಯ ಪುಟ ತೆಗೆದು ಗಟ್ಟಿಯಾಗಿ ಓದಿದರು. ಒಮ್ಮೆ ದಾಟಿ ಬಂದದ್ದಕ್ಕೆ ಅವರದೇ ಅಕ್ಷರದ ಸಾಕ್ಷಿ ಅಲ್ಲಿತ್ತು.

ಬರೆದರೆ ಗುಡ್ಡ ನಿಲ್ಲುತ್ತದೆಯೇ, ಪರಿಹಾರದ ಫೈಲು ಮುಂದೆ ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಆದರೆ ಹೆಸರಿಲ್ಲದ ಭಯ ಕಾಗದಕ್ಕೆ ಇಳಿದಾಗ ಅದರ ಅಳತೆಯಾದರೂ ಸಿಗುತ್ತದೆ. 1939ರಲ್ಲಿ, 27ನೇ ವಯಸ್ಸಿಗೇ ತೀರಿಕೊಂಡ ಕಥೆಗಾರ್ತಿ ಕೊಡಗಿನ ಗೌರಮ್ಮ ಸುಂಟಿಕೊಪ್ಪದ ತೋಟದಲ್ಲಿದ್ದುಕೊಂಡೇ ಹೆಣ್ಣುಮಕ್ಕಳ ಸಂಕಟವನ್ನು ಕಥೆಯಾಗಿಸಿದರು. ಆ ಕಾಲವೇನೂ ಸುಲಭದ್ದಾಗಿರಲಿಲ್ಲ.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಳೆಗಾಲದಲ್ಲಿ ವಾರಕ್ಕೊಂದು ಗಂಟೆಯನ್ನು ಬರವಣಿಗೆಗೆ ಕೊಡಲಿ. ಸ್ಪರ್ಧೆ, ಬಹುಮಾನ, ಭಾಷಣ ಬೇಡ (ಅವು ಈಗಾಗಲೇ ಸಾಕಷ್ಟಿವೆ). ಕನ್ನಡ, ಕೊಡವ, ಅರೆಭಾಷೆ, ತುಳು, ಯಾವುದರಲ್ಲಾದರೂ ಬರೆಯಲಿ. ತೋಟದ ಕಾರ್ಮಿಕರಿರುವ ಲೈನ್ ಮನೆಗಳ ಮಕ್ಕಳನ್ನು ಮರೆಯದೆ ಕರೆಯಲಿ.

– ಕಾಫಿ ಬೆಳೆಗಾರರೊಬ್ಬರು, ಮಾದಾಪುರ, ಕೊಡಗು