ಪ್ರಭಾವಿಗಳ ಹೆಸರಿಗೆ ಇಷ್ಟು ಬೆಲೆಯೇ?

ಮಾನ್ಯರೇ,

ಸಾಮಾಜಿಕ ಜಾಲತಾಣದ ಪ್ರಭಾವಿಗಳು (ಇನ್‌ಫ್ಲುಯೆನ್ಸರ್‌ಗಳು) ತಮ್ಮದೇ ಬ್ರ್ಯಾಂಡ್ ಕಟ್ಟಿ ಮಾರುತ್ತಿರುವ ಸೀರಮ್, ಕೇಶತೈಲಗಳು ಕೇಳುವ ಬೆಲೆಗೆ ತಕ್ಕವಲ್ಲ. ಮೊನ್ನೆ ನನ್ನ ಮಗಳು ಅಂಥದೊಂದು ಬ್ರ್ಯಾಂಡ್‌ನ 30 ಮಿ.ಲೀ. ಫೇಸ್ ಸೀರಮ್‌ಗೆ (ಮುಖಕ್ಕೆ ಹಚ್ಚುವ ದ್ರವ) 899 ರೂಪಾಯಿ ತೆತ್ತಳು. ಡಬ್ಬದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದರೆ, ಅದನ್ನು ತಯಾರಿಸಿದ್ದು ಹೊರ ರಾಜ್ಯದ ಯಾವುದೋ ಕಾರ್ಖಾನೆ. ಅದರಲ್ಲಿರುವ ನಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ) ಅಂಶವೇ ಅಷ್ಟೇ ಪ್ರಮಾಣದಲ್ಲಿರುವ ಇನ್ನೊಂದು ಸೀರಮ್ ನಮ್ಮ ಬೀದಿಯ ಔಷಧ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು. ಹಣ ಹೋದುದಕ್ಕಿಂತ ಹೆಚ್ಚು ನೋವಾದದ್ದು, ದಿನವೂ ವಿಡಿಯೊದಲ್ಲಿ ಮನೆಯ ಅಕ್ಕನಂತೆ ಮಾತನಾಡುವವರನ್ನು ಅವಳು ಪೂರ್ತಿ ನಂಬಿದ್ದಳಲ್ಲ ಎಂಬುದಕ್ಕೆ.

ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ–2019ರ ಅಡಿ ಮೊದಲ ಸಲದ ತಪ್ಪಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಆದರೆ ದುಬಾರಿ ಬೆಲೆ ಇಡುವುದು ಅಪರಾಧವಲ್ಲವಾದ್ದರಿಂದ, ಮಾಹಿತಿಯೊಂದೇ ಗ್ರಾಹಕರಿಗಿರುವ ರಕ್ಷಣೆ. ಆದ್ದರಿಂದ ಇಂಥ ಪ್ರಚಾರದ ವಿಡಿಯೊಗಳಲ್ಲೇ ನಿಜವಾದ ತಯಾರಕರ ಹೆಸರನ್ನೂ ಪ್ರತಿ ಮಿ.ಲೀ. ಬೆಲೆಯನ್ನೂ ಕನ್ನಡದಲ್ಲಿ ಸ್ಪಷ್ಟವಾಗಿ ತೋರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಡ್ಡಾಯಗೊಳಿಸಲಿ. ಮೋಸ ಹೋದವರು ಸುಮ್ಮನಿರದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಲಿ.

– ಓರ್ವ ಗೃಹಿಣಿ, ತುಮಕೂರು