ಡುಮ್ಮನಿಗೆ, ಮಂಚದ ಕೆಳಗಿನ ಅಕ್ಕಿ ವಿಚಾರ

ಲೋ ಡುಮ್ಮ,

ಹೇಗಿದೀಯ? ನೀನು ಭುಜ್ ಪಕ್ಕದ ಮಾಧಾಪರದ ಸ್ಮಾರಕದ ಫೋಟೋ ಕಳಿಸಿ ನಾಲ್ಕು ದಿನ ಆಯ್ತು, ನಾನು ಬರೀ ಒಂದು ಥಂಬ್ಸ್ ಅಪ್ ಹಾಕಿ ಸುಮ್ಮನಾದೆ ಅಂತ ಬೇಜಾರಾಗಿರ್ತೀಯ, ಗೊತ್ತು. ಆ ಫೋಟೋ ತಲೇಲಿ ಕೂತ್ಬಿಟ್ಟಿದೆ ಕಣೋ, ಒಂದು ಸಾಲಲ್ಲಿ ಉತ್ತರ ಬರೆಯೋಕೆ ಆಗ್ಲಿಲ್ಲ, ಅದಕ್ಕೇ ಈ ಪತ್ರ. ಇಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದೀನಿ, ಯಾಕಂದ್ರೆ ನಮ್ಮ ಬಿಲ್ಡಿಂಗ್‌ನವರು ಸುಮಾರು ಜನ ನಾನು ಬರೆದಿದ್ದು ಓದ್ತಾರೆ, ಇದನ್ನ ಅವರೂ ಓದ್ಬೇಕು. ನೀನು ಮಾತ್ರ ಕೌಂಟರ್ ಮುಂದೆ ಜನ ನಿಲ್ಲಿಸ್ಕೊಂಡು ಓದ್ಬೇಡ, ಮನೆಗೆ ಹೋಗಿ ಕಾಫಿ ಮಾಡ್ಕೊಂಡು ಓದು. ಛತ್ರಿ ಇನ್ನೂ ನನ್ನ ಹತ್ರಾನೇ ಇದೆ. ಹದಿನೇಳನೇ ಬೋಂಡದ ಕೇಸು ಇನ್ನೂ ಇತ್ಯರ್ಥ ಆಗಿಲ್ಲ, ಅದರ ಮಾತು ಆಮೇಲೆ.

ಆ ಸ್ಮಾರಕದ ಮುಂದೆ ನೀನು ಕೈ ಕಟ್ಕೊಂಡು ನಿಂತಿದೀಯಲ್ಲ, ಸ್ಕೂಲಲ್ಲಿ ಧ್ವಜಾರೋಹಣಕ್ಕೆ ನಿಲ್ತಿದ್ದ ಹಾಗೆ. ನಿಂಗೆ ಆ ಊರಿನ ಕಥೆ ಈಗ ಬಾಯಿಪಾಠ ಆಗಿರುತ್ತೆ, ಇಲ್ಲಿ ಓದೋ ಉಳಿದವರಿಗೋಸ್ಕರ ಹೇಳ್ತೀನಿ. 1971ರ ಡಿಸೆಂಬರ್. ಪಾಕಿಸ್ತಾನದ ವಿಮಾನಗಳು ಗುಜರಾತಿನ ಭುಜ್ ಏರ್‌ಫೋರ್ಸ್ ನೆಲೆಯ ಮೇಲೆ ಬಾಂಬ್ ಹಾಕಿ ರನ್‌ವೇನ ಹಾಳು ಮಾಡಿದ್ವು. ರನ್‌ವೇ ಇಲ್ಲ ಅಂದ್ರೆ ನಮ್ಮ ವಿಮಾನ ಏಳೋ ಹಾಗಿಲ್ಲ, ರಿಪೇರಿ ಮಾಡೋಕೆ ಸಾಕಷ್ಟು ಕೈ ಇಲ್ಲ. ಆಗ ಪಕ್ಕದ ಮಾಧಾಪರದಿಂದ ಸುಮಾರು 300 ಹೆಂಗಸರು ಬಂದ್ರು. ಕೂಸು ಮಕ್ಕಳನ್ನ ಮನೇಲಿ ಬಿಟ್ಟು ಬಂದೋರೂ ಇದ್ರು. ಸೈರನ್ ಆದ ತಕ್ಷಣ ಓಡಿಹೋಗಿ ಜಾಲಿ ಪೊದೆಗಳ ಕೆಳಗೆ ಅವಿತ್ಕೋಬೇಕು, ಮತ್ತೆ ಸೈರನ್ ಆದ್ರೆ ಬಂದು ಕಲ್ಲು, ಗಾರೆ ಹೊರಬೇಕು. ಮೇಲಿಂದ ಕಾಣಬಾರದು ಅಂತ ಹಸಿರು ಸೀರೆ. ರನ್‌ವೇ ಕಾಣಬಾರದು ಅಂತ ಅದರ ಮೇಲೆ ಸಗಣಿ ಸಾರಿಸಿದ್ರು, ನಮ್ಮ ಅಜ್ಜಿಯರು ಅಂಗಳ ಸಾರಿಸ್ತಿದ್ದ ಹಾಗೆ. ಮೊದಲನೇ ದಿನ ಹೊಟ್ಟೆಗೇನೂ ಇಲ್ಲ, ಮಾರನೇ ದಿನ ದೇವಸ್ಥಾನದಿಂದ ಸುಖಡಿ ಅನ್ನೋ ಬೆಲ್ಲದ ಸಿಹಿ, ಹಣ್ಣು ಬಂತು. 72 ಗಂಟೇಲಿ ಕೆಲಸ ಮುಗೀತು, ವಿಮಾನ ಹಾರ್ತು.

ಈ ಕಥೇಲಿ ಎಲ್ಲರೂ ಹೆಂಗಸರ ಧೈರ್ಯ ಹೊಗಳ್ತಾರೆ, ಹೊಗಳಲೇಬೇಕು. ನನ್ನ ತಲೆ ಮಾತ್ರ ಆ ನೆಲೆಯ ಮುಖ್ಯಸ್ಥ ಸ್ಕ್ವಾಡ್ರನ್ ಲೀಡರ್ ವಿಜಯ್ ಕಾರ್ಣಿಕ್ ಅವರ ಹತ್ರ ನಿಂತುಬಿಟ್ಟಿದೆ. ಅವರು ಊರವರ ಮುಂದೆ ನಿಂತು ಸಹಾಯ ಬೇಕು ಅಂತ ಕೇಳಿದ್ರು. ಅಪಾಯ ಇದೆ ಅನ್ನೋದನ್ನ ಮುಚ್ಚಿಡೋಕೆ ಆಗ್ತಿರ್ಲಿಲ್ಲ, ಬಾಂಬ್ ಬಿದ್ದ ಜಾಗಕ್ಕೇ ಕರೀತಿರೋದು. ಆದ್ರೆ ಅವರೂ ಅದೇ ನೆಲೇಲಿ ಇದ್ರು ಕಣೋ, ಬಾಂಬ್ ಬಿದ್ರೆ ಅವರ ತಲೆ ಮೇಲೂ ಬೀಳೋದೇ. ಆ 300 ಜನಕ್ಕೆ ಇದು ಕಣ್ಣಿಗೆ ಕಾಣ್ತಿತ್ತು. ಕೇಳೋನು ಎಲ್ಲಿ ನಿಂತ್ಕೊಂಡು ಕೇಳ್ತಿದಾನೆ ಅನ್ನೋದನ್ನ ಜನ ಮೊದಲು ನೋಡ್ತಾರೆ ಅಂತ ನನಗೀಗ ಅನ್ನಿಸುತ್ತೆ. ಇದು ನನಗೆ ಯಾಕೆ ಚುಚ್ತಿದೆ ಅಂತ ಹೇಳ್ತೀನಿ ಇರು.

2025ರ ಮೇ ತಿಂಗಳು, ಮತ್ತೆ ಪಾಕಿಸ್ತಾನದ ಜೊತೆ ಕದನ ಆಗಿದ್ದು ನೆನಪಿದೆಯಲ್ಲ. ನೀನು ಭುಜ್‌ನಲ್ಲೇ ಇದ್ದೆ, ನಿಂಗೇ ಕೇಳ್ತಿದೀನಿ ನೋಡು. ಮೇ 7ನೇ ತಾರೀಕು ಇಲ್ಲಿ ಹಲಸೂರಲ್ಲಿ ಸಿವಿಲ್ ಡಿಫೆನ್ಸ್‌ನವರು ಮಾಕ್ ಡ್ರಿಲ್ ಮಾಡಿದ್ರು, ಸೈರನ್ನು, ಸ್ಟ್ರೆಚರ್ರು, ಬೆಂಕಿ ಆರಿಸೋದು, ಎಲ್ಲಾ ಟೀವೀಲಿ ಬಂತು. ನಾನು ಆಗಷ್ಟೇ ಅಸೋಸಿಯೇಷನ್ ಸೆಕ್ರೆಟರಿ ಆಗಿದ್ದೆ. ಟೀವಿ ನೋಡಿದ್ದೇ ತಡ, ಸೈರನ್ ಆದ್ರೆ ಎಲ್ಲರೂ ಬೇಸ್‌ಮೆಂಟಿಗೆ ಇಳಿಯೋಕೆ ಒಂದು ಪ್ಲಾನ್ ಬರೆದೆ. ಬೇಸ್‌ಮೆಂಟಲ್ಲಿ ಯಾವ ಕಾರು ಎಲ್ಲಿಗೆ ಸರಿಸ್ಬೇಕು, ಜನರೇಟರ್‌ಗೆ ಡೀಸೆಲ್ ಎಷ್ಟಿದೆ, ಯಾರ ಮನೇಲಿ ಆಕ್ಸಿಜನ್ ಮೇಲಿರೋ ವಯಸ್ಸಾದವರಿದಾರೆ, ಮನೆಗೆ ನಾಲ್ಕು ಜನ ಅಂತ 48 ಮನೆಗೆ 192 ಜನ. ಗ್ರೂಪಲ್ಲಿ ಚಪ್ಪಾಳೆಯ ಸುರಿಮಳೆ.

ಶುಕ್ರವಾರ ಸಂಜೆ ಬೇಸ್‌ಮೆಂಟಲ್ಲೇ ಮೀಟಿಂಗ್ ಇಟ್ವಿ. ಮೂರನೇ ಮಹಡಿ ಟೀಚರಮ್ಮ ಗೊತ್ತಲ್ಲ ನಿಂಗೆ, ರಿಟೈರ್ ಆದೋರು, ನಿನ್ನ ಕೈಯಲ್ಲಿ ಮಗ್ಗಿ ಹೇಳಿಸಿದ್ರಲ್ಲ, ಅವರು ನನ್ನ ಪ್ಲಾನ್ ಪೂರ್ತಿ ಓದಿ ಒಂದೇ ಒಂದು ಪ್ರಶ್ನೆ ಕೇಳಿದ್ರು. "ಪಕ್ಕದ ಸೈಟಿನ ಶೆಡ್ಡಲ್ಲಿ ಇರೋ ಮಕ್ಕಳು ಇದರಲ್ಲಿ ಎಲ್ಲಿದಾರೆ?" ಅಲ್ಲಿ ಹೊಸ ಬಿಲ್ಡಿಂಗ್ ಕಟ್ತಿದಾರೆ, ತಗಡಿನ ಶೆಡ್ಡು, ಯಾದಗಿರಿ ಕಡೆಯ ಒಂಬತ್ತು ಸಂಸಾರ. ದಿನಾ ಬೆಳಿಗ್ಗೆ ಆ ಮಕ್ಕಳನ್ನ ನೋಡ್ತೀನಿ. ಲೆಕ್ಕಕ್ಕೆ ಹಿಡಿದಿರ್ಲಿಲ್ಲ. ನಮ್ಮ ವಾಚ್‌ಮನ್‌ನೂ ಹಿಡಿದಿರ್ಲಿಲ್ಲ ಕಣೋ, ದಿನಾ ಗೇಟ್ ತೆಗೆಯೋನು.

ಒಬ್ಬರು ಎದ್ದು ನಿಂತು, ಬೇಸ್‌ಮೆಂಟ್ ಪ್ರೈವೇಟ್ ಪ್ರಾಪರ್ಟಿ, ಹೊರಗಿನವರನ್ನ ಬಿಟ್ಕೊಂಡ್ರೆ ಸೆಕ್ಯುರಿಟಿ ಪ್ರಾಬ್ಲಮ್ ಆಗುತ್ತೆ ಅಂದ್ರು. ಅದಕ್ಕೆ ಟೀಚರಮ್ಮ ಲಂಡನ್ ಕಥೆ ಹೇಳಿದ್ರು. 1940ರ ಸೆಪ್ಟೆಂಬರಿಂದ ಜರ್ಮನಿಯವರು ಲಂಡನ್ ಮೇಲೆ ಒಂದಾದ ಮೇಲೊಂದು 57 ರಾತ್ರಿ ಬಾಂಬ್ ಸುರಿದಾಗ, ಅಲ್ಲಿನ ಸರ್ಕಾರ ಶುರುವಲ್ಲಿ ಟ್ಯೂಬ್ ರೈಲು ಸ್ಟೇಷನ್ನುಗಳನ್ನ ಆಶ್ರಯಕ್ಕೆ ಬಳಸೋ ಹಾಗಿಲ್ಲ ಅಂದಿತ್ತಂತೆ. ಜನ ಏನು ಮಾಡಿದ್ರು? ಟಿಕೆಟ್ ತಗೊಂಡು ಕೆಳಗೆ ಇಳಿದ್ರು, ವಾಪಸ್ ಮೇಲೆ ಬರಲೇ ಇಲ್ಲ. ಅದೇ ತಿಂಗಳ ಕೊನೇಲಿ ಒಂದು ರಾತ್ರಿ ಎಣಿಸಿದ್ರೆ ಸುಮಾರು 1,77,000 ಜನ ಕೆಳಗೆ ಮಲಗಿದ್ರು. ಕೊನೆಗೆ ಸರ್ಕಾರಾನೇ ಮಂಚ, ಕಕ್ಕಸು, ಕ್ಯಾಂಟೀನು ಅಂತ ವ್ಯವಸ್ಥೆ ಮಾಡ್ತು. ಇಷ್ಟು ಹೇಳಿ ಟೀಚರಮ್ಮ, "ಸೈರನ್ ಆದಾಗ ಆ ಮಕ್ಕಳು ಓಡಿ ಬರ್ತವೆ, ನಾವು ಗೇಟ್ ಹಾಕ್ಕೊಂಡು ನಿಂತಿರ್ತೀವಾ?" ಅಂದ್ರು. ಯಾರೂ ಮಾತಾಡ್ಲಿಲ್ಲ. ಶೆಡ್ಡಿನವರನ್ನೂ ಪಕ್ಕದ ಪಿಜಿ ಹುಡುಗರನ್ನೂ ಸೇರಿಸಿ ಲೆಕ್ಕ ತಿದ್ದಿದ್ವಿ.

ಇಲ್ಲಿಗೇ ನಿಲ್ಲಿಸೋಣ ಅಂತಿದ್ದೆ. ಪ್ಲಾನ್ ತಿದ್ದಿದ ಕಥೆ ಹೇಳಿ, ಟೀಚರಮ್ಮನಿಗೆ ಒಂದು ನಮಸ್ಕಾರ ಹಾಕಿ, ಮುಗಿಸೋಣ ಅಂತ. ಆದ್ರೆ ಆ ಫೋಟೋಲಿ ನಿನ್ನ ಮುಖ ನೋಡಿದ ಮೇಲೆ ಆಗ್ತಿಲ್ಲ.

ಆ ಮೀಟಿಂಗಿನ ಹಿಂದಿನ ರಾತ್ರಿ, ಗುರುವಾರ, ಮೇ 8, ನಾನು ನಿಂಗೆ ಫೋನ್ ಮಾಡಿದ್ದೆ. ಭುಜ್ ಪೂರ್ತಿ ಬ್ಲ್ಯಾಕ್‌ಔಟ್. ನೀನು ಕತ್ತಲಲ್ಲಿ ಅಡುಗೆಮನೆ ನೆಲದ ಮೇಲೆ ಕೂತಿದ್ದೆ, ಕಿಟಕಿ ಇಲ್ಲದ ಜಾಗ ಅದೊಂದೇ ಅಂತ. ಡ್ರೋನ್ ಸುದ್ದಿ ಹೇಳ್ದೆ. ಪಕ್ಕದ ಮನೆ ಬೆನ್ (ಅಲ್ಲಿ ಅಕ್ಕನಿಗೆ ಹಾಗಂತಾರೆ) ಕತ್ತಲಲ್ಲೇ ಗೋಡೆ ಸವರ್ಕೊಂಡು ಬಂದು ಥೇಪ್ಲಾ, ಅದೇ ಅಲ್ಲಿನ ಮೆಂತ್ಯದ ಚಪಾತಿ, ಕೊಟ್ಟು, "ಒಬ್ಬನೇ ಇರ್ಬೇಡ, ನಮ್ಮನೇಗೆ ಬಾ" ಅಂದ್ರು ಅಂತ ಹೇಳುವಾಗ ನಿನ್ನ ದನಿ ನಡುಗ್ತಿತ್ತು. ನಾನು ಧೈರ್ಯ ಹೇಳ್ತಿದ್ದೆ. ಇಲ್ಲಿ ನಾವೆಲ್ಲಾ ಆರ್ಗನೈಸ್ ಆಗಿದೀವಿ, ಯಾರೂ ಪ್ಯಾನಿಕ್ ಆಗಿಲ್ಲ, ಯಾರೂ ಏನೂ ಸ್ಟಾಕ್ ಮಾಡ್ಬೇಡಿ ಅಂತ ಗ್ರೂಪಲ್ಲಿ ಮೆಸೇಜ್ ಹಾಕಿದೀನಿ ಅಂತೆಲ್ಲಾ. ಮಧ್ಯದಲ್ಲಿ ನಮ್ಮನೆ ಬೆಲ್ ಆಯ್ತು. ಯಾರೋ ಬಂದ್ರಾ ಅಂತ ನೀನು ಕೇಳ್ದೆ. ವಾಚ್‌ಮನ್ ಅಂದೆ.

ವಾಚ್‌ಮನ್ ಅಲ್ಲ ಕಣೋ. ನಿನ್ನ ಫೋನ್ ಸ್ಪೀಕರ್‌ಗೆ ಹಾಕಿ, ನಿನ್ನ ಮಾತಿಗೆ ಹೂಂ ಹೂಂ ಅಂತಾನೇ, ಅದೇ ಮೊಬೈಲಲ್ಲಿ ನಾನು ಅಕ್ಕಿ ಆರ್ಡರ್ ಮಾಡಿದ್ದೆ. 10 ಕೆಜಿ ಎರಡು ಚೀಲ, 5 ಕೆಜಿದೊಂದು, ಎಣ್ಣೆ, ಬೇಳೆ, ಹಾಲಿನ ಪುಡಿ, ಮೇಣದಬತ್ತಿ. ಡೆಲಿವರಿ ಹುಡುಗ ತಂದಿದ್ದು ಅದನ್ನ. ಗಡಿ ಪಕ್ಕ ಕತ್ತಲಲ್ಲಿ ಕೂತಿರೋ ಸ್ನೇಹಿತನಿಗೆ ಧೈರ್ಯ ಹೇಳ್ತಾ, ಬೀದಿ ದೀಪ ಎಲ್ಲಾ ಉರೀತಿರೋ ಬೆಂಗಳೂರಲ್ಲಿ ನಾನು ಮನೆ ತುಂಬಿಸ್ಕೊಂಡೆ. ಮಾರನೇ ದಿನ ನಮ್ಮ ಪ್ರಲ್ಹಾದ ಜೋಶಿಯವರು, ಆಹಾರ ಸಚಿವರು, ದೇಶದಲ್ಲಿ ಧಾನ್ಯಕ್ಕೆ ಕೊರತೆ ಇಲ್ಲ, ಸುಳ್ಳು ಸುದ್ದಿ ನಂಬ್ಬೇಡಿ ಅಂತ ಹೇಳಿದ್ರಲ್ಲ, ಅದನ್ನೂ ನಾನೇ ಗ್ರೂಪಿಗೆ ಫಾರ್ವರ್ಡ್ ಮಾಡ್ದೆ. ಅಕ್ಕಿ ಆಗ ಮಂಚದ ಕೆಳಗಿತ್ತು.

ಇದನ್ನ ನನ್ನ ಹೆಂಡತಿ ಬಿಟ್ರೆ ಇನ್ನೊಬ್ಬರು ನೋಡಿದ್ರು. ಡೆಲಿವರಿ ಹುಡುಗನ ಜೊತೆ ಲಿಫ್ಟಲ್ಲಿ ಟೀಚರಮ್ಮ ಇದ್ರು. ಪಕ್ಕದ ಪಿಜಿಯಲ್ಲಿ ಪೂಂಛ್ ಕಡೆಯ ಇಬ್ಬರು ಹುಡುಗರಿದ್ರು, ಮೇ 7ರಿಂದ ಅವರೂರ ಮೇಲೆ ಶೆಲ್ ಬೀಳ್ತಿತ್ತು, ಮನೆಗೆ ಫೋನ್ ಸಿಕ್ತಿಲ್ಲ, ಊಟ ಬಿಟ್ಟು ಕೂತಿದ್ರಂತೆ. ಟೀಚರಮ್ಮ ಅವರಿಗೆ ಅನ್ನ ಸಾರು ಕೊಟ್ಟು, ಫೋನ್ ಸಿಗೋವರೆಗೂ ಜೊತೇಲಿ ಕೂತಿದ್ದು ಬರ್ತಿದ್ರು. ಕೈಯಲ್ಲಿ ಖಾಲಿ ಕ್ಯಾರಿಯರ್ರು. ನಾನು ಬಾಗಿಲಲ್ಲಿ ನಿಂತು ಚೀಲ ಇಳಿಸ್ಕೊಳ್ತಿದ್ದೆ. ಅವರು ಚೀಲ ನೋಡಿದ್ರು, ನನ್ನ ನೋಡಿದ್ರು, "ಮಲ್ಕೋಪ್ಪ, ಲೇಟಾಯ್ತು" ಅಂತ ಅಂದ್ರು ಅಷ್ಟೇ.

ಶುಕ್ರವಾರದ ಮೀಟಿಂಗಲ್ಲಿ ಅಷ್ಟೂ ಜನರ ಮುಂದೆ ಅವರು ಆ ವಿಷಯ ಎತ್ತಬಹುದಿತ್ತು. ಎತ್ಲಿಲ್ಲ. ಶನಿವಾರ ಬೆಳಿಗ್ಗೆ ನಮ್ಮನೆ ಬಾಗಿಲು ತಟ್ಟಿ, "ಶೆಡ್ಡಿನವರಿಗೂ ಪಿಜಿ ಹುಡುಗರಿಗೂ ಮಧ್ಯಾಹ್ನ ಬಿಸಿಬೇಳೆಬಾತ್ ಮಾಡೋಣ ಅಂತಿದೀನಿ, ನಿಮ್ಮನೇಲಿ ಅಕ್ಕಿ ಇದೆಯಲ್ವಾ, ಒಂದು ಚೀಲ ಕೊಡ್ತೀಯಾ?" ಅಂದ್ರು. ಯಾರಿಗೂ ಗೊತ್ತಾಗದ ಹಾಗೆ ನನ್ನನ್ನ ಆ ತಪ್ಪಿಂದ ಆಚೆ ಕರ್ಕೊಂಡು ಬಂದ್ರು. ನಾನು ಮೂರೂ ಚೀಲ ಹೊತ್ಕೊಂಡು ಕೆಳಗೆ ಹೋದೆ. ಅವತ್ತೇ ಸಂಜೆ ಕದನವಿರಾಮ ಆಯ್ತು, ಜನ ಐಪಿಎಲ್ ಯಾವಾಗ ಶುರುವಾಗುತ್ತೆ ಅಂತ ಕೇಳೋಕೆ ಶುರು ಮಾಡಿದ್ರು, ನನ್ನ ಪ್ಲಾನ್ ಫೈಲಿಗೆ ಹೋಯ್ತು.

ಇಷ್ಟು ದಿನ ಇದನ್ನ ಮರೆತ ಹಾಗೆ ಇದ್ದೆ. ಹೋದ ತಿಂಗಳು ಬಸವನಗುಡಿ ಅತ್ತೆ ಮನೆಗೆ ಹೋದಾಗ ಅಜ್ಜಿ ವಿಷಯ ಬಂತು. ನಮ್ಮಜ್ಜಿ ಸೋಮವಾರ ರಾತ್ರಿ ಊಟ ಮಾಡ್ತಿರ್ಲಿಲ್ಲ ಅಂತ ನಿಂಗೂ ಗೊತ್ತು, ಸೋಮವಾರ ಬಂದ್ರೆ ಅವರ ಪಾಲಿನ ಚಪಾತಿ ನಿಂಗೇ ತಾನೇ ಸಿಗ್ತಿದ್ದಿದ್ದು. ಶಿವನ ವ್ರತ ಅಂತ ನಾವೆಲ್ಲಾ ಅಂದ್ಕೊಂಡಿದ್ವಿ. ಅತ್ತೆ ಹೇಳಿದ್ರು, "ಯಾವ ಶಿವನೋ? ಅದು ಶಾಸ್ತ್ರಿಗಳ ಸೋಮವಾರ."

1965. ಒಂದು ಕಡೆ ಪಾಕಿಸ್ತಾನದ ಜೊತೆ ಯುದ್ಧ, ಇನ್ನೊಂದು ಕಡೆ ಮಳೆ ಕೈಕೊಟ್ಟಿತ್ತು, ಅಮೆರಿಕ ಪಿಎಲ್ 480 ಅನ್ನೋ ನೆರವಿನ ಯೋಜನೇಲಿ ಕಳಿಸೋ ಗೋಧಿ ಹಡಗು ಬಂದ್ರೆ ಊಟ ಅನ್ನೋ ಪರಿಸ್ಥಿತಿ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಜನರನ್ನ ಕೇಳಿದ್ರು. ಸೋಮವಾರ ಸಂಜೆ ಹೋಟೆಲ್‌ಗಳೇ ಬಾಗಿಲು ಹಾಕ್ತಿದ್ವು. ಅವರ ಮಗ ಅನಿಲ್ ಶಾಸ್ತ್ರಿಯವರು ಹೇಳ್ಕೊಂಡಿರೋ ಪ್ರಕಾರ, ಜನರನ್ನ ಕೇಳೋಕೆ ಮುಂಚೆ ಶಾಸ್ತ್ರಿಗಳು ಮನೇಲಿ ಒಂದು ಸಂಜೆ ಒಲೆ ಹಚ್ಚಬೇಡ ಅಂತ ಹೆಂಡತಿಗೆ ಹೇಳಿದ್ರು, ಮಕ್ಕಳು ಹಸಿವು ತಡ್ಕೋತಾರಾ ನೋಡೋಣ ಅಂತ. ತಡ್ಕೊಂಡ್ರು ಅಂತ ಗೊತ್ತಾದ ಮೇಲೇ ದೇಶದ ಮುಂದೆ ಹೋಗಿದ್ದು. ಮನೆ ಮುಂದಿನ ಲಾನ್ ಅಗೆದು ಬೆಳೆ ಹಾಕಿದ್ರು. ಆ ದನಿ ಪಕ್ಕದ ಮನೆ ರೇಡಿಯೋದಲ್ಲಿ ಕೇಳಿ ನಮ್ಮಜ್ಜಿ, ಆರು ಮಕ್ಕಳ ತಾಯಿ, ಸೋಮವಾರ ರಾತ್ರಿ ಊಟ ಬಿಟ್ರು. 1966ರ ಜನವರಿ 11ಕ್ಕೆ ಶಾಸ್ತ್ರಿಗಳು ತಾಷ್ಕೆಂಟಲ್ಲಿ ಹೋದ್ರು. ಆಮೇಲೆ ಹಸಿರು ಕ್ರಾಂತಿ ಬಂತು, ಗೋದಾಮು ತುಂಬಿದ್ವು, ಯಾರೂ ಇನ್ನು ಸಾಕು ಅಂತ ನಮ್ಮಜ್ಜಿಗೆ ಬಂದು ಹೇಳ್ಲಿಲ್ಲ. ಸಾಯೋವರೆಗೂ ಬಿಡ್ಲಿಲ್ಲ.

ಅವರ ಮೊಮ್ಮಗ ನಾನು. ಇದನ್ನ ಹೇಗೆ ಹೇಳೋದೋ ಗೊತ್ತಾಗ್ತಿಲ್ಲ ಡುಮ್ಮ, ಅವತ್ತು ಅತ್ತೆ ಮನೇಲಿ ಎದ್ದು ಹಿತ್ತಲಿಗೆ ಹೋಗಿ ನಿಂತ್ಕೊಂಡೆ.

ಒಂದು ಸಂಗತಿ ಓದಿದಾಗಿನಿಂದ ಬಿಡ್ತಾನೇ ಇಲ್ಲ. ರಷ್ಯಾದ ಲೆನಿನ್‌ಗ್ರಾಡ್ ನಗರವನ್ನ ಜರ್ಮನ್ ಸೈನ್ಯ 1941ರ ಸೆಪ್ಟೆಂಬರ್‌ನಿಂದ 1944ರ ಜನವರಿವರೆಗೆ 872 ದಿನ ಮುತ್ತಿಗೆ ಹಾಕಿತ್ತು. ಮೊದಲನೇ ಚಳಿಗಾಲದಲ್ಲಿ ಮಕ್ಕಳಿಗೂ ಮುದುಕರಿಗೂ ದಿನಕ್ಕೆ ಸಿಗ್ತಿದ್ದಿದ್ದು 125 ಗ್ರಾಂ ಬ್ರೆಡ್ಡು. ಆ ಊರಲ್ಲಿ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ಕಟ್ಟಿ ಬೆಳೆಸಿದ ಬೀಜದ ಸಂಗ್ರಹ ಇತ್ತು. ವಾವಿಲೋವ್ ಆಗ ಸ್ಟಾಲಿನ್‌ನ ಜೈಲಲ್ಲಿ, 1943ರಲ್ಲಿ ಅಲ್ಲೇ ಸತ್ರು. ಮುಂದಾಳು ಇಲ್ಲ, ಆದ್ರೂ ಅಲ್ಲಿನ ವಿಜ್ಞಾನಿಗಳು ಒಂದು ಕಾಳನ್ನೂ ಮುಟ್ಲಿಲ್ಲ. ಭತ್ತದ ತಳಿಗಳನ್ನ ನೋಡ್ಕೋತಿದ್ದ ಡಿಮಿಟ್ರಿ ಇವಾನೋವ್ ಹಸಿವಿಂದ ಸತ್ತಾಗ ಸುತ್ತಲೂ ಸಾವಿರಾರು ಪೊಟ್ಟಣ ಅಕ್ಕಿ ಇತ್ತು. ಬೀಜ ಮುಂದಿನವರದು, ನಮ್ಮದಲ್ಲ ಅಂತ ಅವರ ಲೆಕ್ಕ. ಯಾರನ್ನೂ ಅಷ್ಟು ದೂರ ಹೋಗಿ ಅಂತ ಕೇಳೋ ಯೋಗ್ಯತೆ ನಂಗಿಲ್ಲ. ಆದ್ರೆ ನನ್ನ ಕಷ್ಟ ಹಸಿವಿನದಲ್ಲ ನೋಡು. ಮನೇಲಿ ತಿಂಗಳ ಸಾಮಾನಿತ್ತು. ಹೆದರಿಕೆ ಆಯ್ತು ಅಷ್ಟೇ. ಹೆದರಿಕೆ ಆಗಿದೆ ಅಂತ ಗ್ರೂಪಲ್ಲಿ ಹೇಳಿದ್ರೆ ನಾಲ್ಕು ಜನ ನಮಗೂ ಆಗಿದೆ ಅಂತಿದ್ರು, ಒಟ್ಟಿಗೆ ಕೂತು ಎಲ್ಲರಿಗೂ ಆಗೋ ಹಾಗೆ ಏನಾದ್ರೂ ಮಾಡ್ತಿದ್ವಿ. ನಾನು ಧೈರ್ಯ ಇರೋ ಹಾಗೆ ಮಾತಾಡಿ ಒಳಗೆ ಅಕ್ಕಿ ಇಟ್ಕೊಂಡೆ.

ವಾಚ್‌ಮನ್ ಅಂತ ಸುಳ್ಳು ಹೇಳಿದ್ದಕ್ಕೆ ಕ್ಷಮಿಸು ಡುಮ್ಮ. ನೀನು ಅವತ್ತು ಏನನ್ನೂ ಬಚ್ಚಿಡ್ಲಿಲ್ಲ, ಹೆದರಿಕೆ ಆಗ್ತಿದೆ ಅಂತ ಬಾಯ್ಬಿಟ್ಟು ಹೇಳ್ದೆ.

ಈ ಭಾನುವಾರದ ಮೀಟಿಂಗಲ್ಲಿ ಇದನ್ನೇ ಎದ್ದು ನಿಂತು ಹೇಳ್ತೀನಿ. ಟೀಚರಮ್ಮನೇ ಸೆಕ್ರೆಟರಿ ಆಗಲಿ ಅಂತಲೂ ಹೇಳ್ತೀನಿ. ಅವರು ಒಪ್ಪಲ್ಲ, ಮೊಣಕಾಲು ನೋವು ಅಂತಾರೆ.

ಸರಿ, ಬಹಳ ಆಯ್ತು. ಅಲ್ಲಿ ಬಿಸಿಲು ಹೇಗಿದೆ? ಇಲ್ಲಿ ನಿನ್ನೆ ಸಂಜೆ ಮಳೆ ಬಂತು, ಗಾಂಧಿ ಬಜಾರಲ್ಲಿ ನಿನ್ನ ಛತ್ರಿ ಬಿಚ್ಚಿದೆ, ಕಡ್ಡಿ ಎಲ್ಲಾ ಗಟ್ಟಿಯಾಗಿದೆ. ರಜಕ್ಕೆ ಬರ್ತಾ ಆ ಬೆನ್ ಹತ್ರ ಕೇಳಿ ಒಂದು ಡಬ್ಬಿ ಥೇಪ್ಲಾ ಮಾಡಿಸ್ಕೊಂಡು ಬಾ, ಟೀಚರಮ್ಮನಿಗೆ ರುಚಿ ನೋಡ್ಬೇಕಂತೆ. ಬೋಂಡದ ಕೇಸಿಗೂ ಅವರೇ ಜಡ್ಜು ಅಂತ ತೀರ್ಮಾನ ಆಗಿದೆ. ಹದಿನಾರರ ಮಗ್ಗಿ ಒಂದ್ಸಲ ನೋಡ್ಕೊಂಡು ಬಾ, ಕೇಳೇ ಕೇಳ್ತಾರೆ.

ನಿನ್ನ,
ಛತ್ರಿ