ಉಪಹಾರವೋ, ಉಪಾಹಾರವೋ?

ಮಾನ್ಯರೇ,

ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂಬ ಕಾಯ್ದೆ 2024ರಲ್ಲಿ ಬಂತು. ಕನ್ನಡವೇನೋ ಬಂದಿದೆ, ಆದರೆ ಎಷ್ಟೋ ಹೋಟೆಲುಗಳು ಇನ್ನೂ ‘ಉಪಹಾರ’ವನ್ನೇ ಬಡಿಸುತ್ತಿವೆ. ಉಪಹಾರ ಎಂದರೆ ಕಾಣಿಕೆ. ತಿನ್ನುವುದು ಉಪಾಹಾರ, ಉಪ ಮತ್ತು ಆಹಾರ ಸೇರಿ ಆದದ್ದು. ಇದಕ್ಕೆ ಬೋರ್ಡ್ ಬರೆದವರನ್ನು ಬೈದು ಫಲವಿಲ್ಲ. ತಿದ್ದಬೇಕಾದ ಜಾಗ 6ರಿಂದ 8ನೇ ತರಗತಿ. ಸರ್ಕಾರಿ ಶಾಲೆಗಳಲ್ಲಿ ಆಟ, ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ 3ನೇ ತರಗತಿಗೇ ಮುಗಿಯುತ್ತದೆ. ಆಮೇಲೆ ಉಳಿಯುವುದು ಉಕ್ತಲೇಖನ, ಕೆಂಪು ಗೆರೆ ಮತ್ತು ‘ಹತ್ತು ಸಲ ಬರಿ’. ಹತ್ತು ಸಲ ಬರೆಯುವ ಮಗು ಮೂರನೇ ಸಾಲಿನಿಂದ ಮೊದಲು ‘ಉ’ಗಳನ್ನೆಲ್ಲ, ಆಮೇಲೆ ‘ಪಾ’ಗಳನ್ನೆಲ್ಲ ಮೇಲಿಂದ ಕೆಳಕ್ಕೆ ಇಳಿಸಿಬಿಡುತ್ತದೆ. ಪದ ತಲೆಗೆ ಹೋಗುವುದೇ ಇಲ್ಲ.

ಇದಕ್ಕಿಂತ ಆಟ ಮೇಲು. ಆದರೆ ಎಲ್ಲ ಗೊಂದಲಕ್ಕೂ ಒಂದೇ ಆಟ ಸಲ್ಲದು. ಬೆಲೆ–ಬೆಳೆ, ಮನೆ–ಮಣೆ, ಅಕ್ಕಿ–ಹಕ್ಕಿ ಇವು ಕಿವಿ, ನಾಲಿಗೆಯ ತೊಡಕು. ಗೃಹ–ಗ್ರಹ, ಅನಿಲ–ಅನಲ, ಪರಿಣಾಮ–ಪರಿಮಾಣ ಇವು ಕಣ್ಣು, ಅರ್ಥದ ತೊಡಕು.

ಕಿವಿಯ ಆಟಕ್ಕೆ ಐದು ನಿಮಿಷ, ಹನ್ನೆರಡು ಪದ ಸಾಕು. ಮಕ್ಕಳು ಕಣ್ಣು ಮುಚ್ಚಿರಬೇಕು. ‘ಲ’ ಕೇಳಿದರೆ ಅಂಗೈ ಎತ್ತುವುದು, ‘ಳ’ ಕೇಳಿದರೆ ಮುಷ್ಟಿ. ಕಣ್ಣು ಬಿಟ್ಟರೆ ಇಡೀ ತರಗತಿ ಜಾಣ ಹುಡುಗಿಯೊಬ್ಬಳ ಕೈ ನೋಡಿ ಕೈ ಎತ್ತುತ್ತದೆ. ‘ಬೆಲೆ’ ಆದಮೇಲೆ ಪ್ರತಿಸಲ ‘ಬೆಳೆ’ ಬಂದರೂ ಆಟ ಕೆಟ್ಟಿತು, ಸರದಿ ಅವರಿಗೆ ಗೊತ್ತಾಗಿಬಿಡುತ್ತದೆ; ಪಟ್ಟಿಯನ್ನು ಮೊದಲೇ ಕಲಸಿ ಇಟ್ಟುಕೊಳ್ಳಬೇಕು. ಅಕ್ಕಿ–ಹಕ್ಕಿಗೆ ಅಂಗೈಯನ್ನು ಬಾಯಿಗೆ ಹತ್ತಿರ ಹಿಡಿಸಿ: ‘ಹಕ್ಕಿ’ ಎಂದಾಗ ಬಿಸಿಯುಸಿರು ತಗಲುತ್ತದೆ. ಮನೆಮಾತಿನಲ್ಲಿ ಹಕಾರವೇ ಇಲ್ಲದ ಮಕ್ಕಳನ್ನು ನಕ್ಕು ಗೇಲಿ ಮಾಡಿದರೆ ಅವು ಹೆದರಿ ‘ಹಾನೆ’, ‘ಹನ್ನ’ ಎಂದು ಬೇಡದ ಕಡೆಯೂ ಹಕಾರ ಹಾಕತೊಡಗುತ್ತವೆ. ಆ ತಪ್ಪನ್ನು ಬಿಡಿಸುವುದು ಮೊದಲಿನದಕ್ಕಿಂತ ಕಷ್ಟ.

ಅರ್ಥದ ಗೊಂದಲಕ್ಕೆ ಕಾರ್ಡು. ನಾಲ್ವರ ಗುಂಪಿಗೆ ಎಂಟು ಪದದ ಕಾರ್ಡು, ಎಂಟು ಅರ್ಥದ ಕಾರ್ಡು, ಎಲ್ಲ ಬೋರಲು. ಎರಡು ತಿರುಗಿಸಿ, ಜೋಡಿಯಾದರೆ ಆ ಪದವಿಟ್ಟು ಒಂದು ವಾಕ್ಯ ಹೇಳಬೇಕು; ಹೇಳದಿದ್ದರೆ ಕಾರ್ಡು ವಾಪಸ್. ಈ ನಿಯಮ ಬಿಟ್ಟರೆ ಅದು ಬರೀ ಜ್ಞಾಪಕಶಕ್ತಿಯ ಆಟ. ಹಳೆಯ ಲಗ್ನಪತ್ರಿಕೆಯ ರಟ್ಟು ಕಾರ್ಡಿಗೆ ಚೆನ್ನಾಗಿ ಒದಗುತ್ತದೆ. (ಅವುಗಳಲ್ಲೇ ಒಂದೆರಡು ‘ಗ್ರಹಪ್ರವೇಶ’ ಸಿಕ್ಕರೆ ಪಾಠಕ್ಕೆ ಬೇರೆ ಉದಾಹರಣೆ ಬೇಡ.) ಗೃಹಕ್ಕೆ ವಟ್ರಸುಳಿ, ಗ್ರಹಕ್ಕೆ ರ ಒತ್ತು ಎಂದು ಬಾಯಲ್ಲಿ ಹೇಳಿಸಿಯೇ ಬರೆಸಬೇಕು. ಎರಡನ್ನೂ ಒಂದೇ ದಿನ ಹೊಸದಾಗಿ ಕಲಿಸಬಾರದು: ಸೋಮವಾರ ‘ಗೃಹ’ ಗಟ್ಟಿಯಾಗಲಿ, ‘ಗ್ರಹ’ ಮುಂದಿನ ವಾರ ಬರಲಿ, ಆಮೇಲೆ ಆಟ. ಒಟ್ಟಿಗೆ ಕಲಿಸಿದರೆ ಯಾವುದು ಯಾವುದೆಂಬ ಗೊಂದಲ ನಾವೇ ಹುಟ್ಟಿಸಿದಂತೆ.

ಮಕ್ಕಳಿಗೆ ಹೆಚ್ಚು ಇಷ್ಟವಾಗುವುದು ಓಡಿ ಬರೆಯುವ ಆಟ. ‘ಹಳ್ಳಿಮನೆಯ ಗೋಡೆಯಿಂದ ಹಲ್ಲಿಯೊಂದು ಮಣೆಯ ಮೇಲೆ ಬಿತ್ತು’ ಎಂದು ಬರೆದ ಚೀಟಿ ಬಾಗಿಲಾಚೆ ಅಂಟಿರುತ್ತದೆ. ಒಬ್ಬರು ಓಡಿ ಓದಿಕೊಂಡು ಬಂದು ಪಿಸುಗುಡಬೇಕು, ಇನ್ನೊಬ್ಬರು ಬರೆಯಬೇಕು. ಗದ್ದಲ ಆಗಿಯೇ ಆಗುತ್ತದೆ. ಪಿಸುಮಾತು ಬೇರೆ ಗುಂಪಿಗೆ ಕೇಳಿಸಿದರೆ ಒಂದು ಅಂಕ ಕಳೆದರೆ ತಾನೇ ತಗ್ಗುತ್ತದೆ. ಅಂಕ ಹಳ್ಳಿ, ಮನೆ, ಹಲ್ಲಿ, ಮಣೆ ಈ ನಾಲ್ಕಕ್ಕೆ ಮಾತ್ರ. ಅಕ್ಷರ ದುಂಡಗಿಲ್ಲ ಎಂದು ಅಂಕ ಕಡಿದರೆ ಮಗು ಓಡುವುದನ್ನೇ ಬಿಡುತ್ತದೆ.

40 ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ, ವಾರಕ್ಕೆರಡು ಸಲ ಸಾಕು. ತೊಡಕಿರುವುದು ಕಾರ್ಡು ತಯಾರಿಸುವ ಸಮಯದ್ದು. ಕರ್ನಾಟಕ ಪಠ್ಯಪುಸ್ತಕ ಸಂಘವು 6ರಿಂದ 8ರವರೆಗಿನ ಕನ್ನಡ ಪುಸ್ತಕಗಳ ಕೊನೆಯಲ್ಲಿ ಕತ್ತರಿಸಿಕೊಳ್ಳಬಹುದಾದ ಎರಡು ಹಾಳೆ ಕಾರ್ಡು ಸೇರಿಸಬಹುದು. ರಟ್ಟಿನದೇ ಆಗಬೇಕು, ತೆಳು ಕಾಗದವಾದರೆ ಬೋರಲು ಹಾಕಿದರೂ ಅಕ್ಷರ ಹಿಂದಿನಿಂದ ಕಾಣುತ್ತದೆ.

– ಕನ್ನಡ ಭಾಷಾ ಶಿಕ್ಷಕರು, ಹಾಸನ ಜಿಲ್ಲೆ